ಹೊಸ ಸ್ಕೀ ತಗೊಂಡ್ರಾ? ಡ್ರಿಲ್ ಹಿಡಿಯುವ ಮೊದಲು ಇದನ್ನು ಓದಿ

ಸ್ಕೀ ಹೆಸರಿನ ಕೊನೆಗೆ ಒಂದು ಸಂಖ್ಯೆ ಇರುತ್ತದೆ, ಮೊದಲು ಅದನ್ನು ನೋಡಿ. ಸಾಲೊಮನ್ ಕ್ಯೂಎಸ್‌ಟಿ 98, ಅಟಾಮಿಕ್ ಬೆಂಟ್ 100, ಬೆಂಟ್ ಚೆಟ್ಲರ್ 120. ಬೂಟಿನ ಕೆಳಗೆ ಸ್ಕೀ ಎಷ್ಟು ಮಿಲಿಮೀಟರ್ ಅಗಲ ಇದೆ ಅನ್ನುವ ಲೆಕ್ಕ ಅದು. ಎಲ್ಲ ಕಂಪನಿಯವರೂ ಹೀಗೇ ಹೆಸರಿಡುವುದಿಲ್ಲ, ಆದರೆ ಬಹಳ ಜನ ಇಡುತ್ತಾರೆ. ಸುಮಾರು 85ರಿಂದ 105ರವರೆಗೆ ಆಲ್-ಮೌಂಟನ್, ಅಂದರೆ ಎಲ್ಲ ಥರದ ಹಿಮಕ್ಕೂ ಆಗುವಂಥದ್ದು, 110 ದಾಟಿದರೆ ಪೌಡರ್, ಅಂದರೆ ಆಳದ ಮೆತ್ತನೆ ಹೊಸ ಹಿಮಕ್ಕೆ ಮಾಡಿದ್ದು ಅಂತ ಅಂದಾಜು ಇಟ್ಟುಕೊಳ್ಳಿ.

ಹುಬ್ಬಳ್ಳಿ-ಧಾರವಾಡದಿಂದ ವರ್ಷಕ್ಕೊಮ್ಮೆ ರಜೆ ಹಾಕಿ ಗುಲ್ಮಾರ್ಗ್‌ಗೆ ಹೋಗುವ ನಮ್ಮಂಥವರು ಎರಡು ಜೋಡಿ ಸ್ಕೀ ಇಟ್ಟುಕೊಂಡು ಏನು ಮಾಡುವುದು? ಒಂದೇ ಜೋಡಿ ಅಂದರೆ ನಾನು 98ರಿಂದ 104ರ ಒಳಗಿನದನ್ನೇ ತಗೊಳ್ಳಿ ಅನ್ನುತ್ತೇನೆ. ಗುಲ್ಮಾರ್ಗ್‌ನ ಕೇಬಲ್ ಕಾರ್, ಅಂದರೆ ಗೊಂಡೋಲಾದ ಎರಡನೇ ಹಂತ ಅಫರ್ವಾತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಅಲ್ಲಿಂದ ಕೆಳಗೆ ಹಿಮ ಬಿದ್ದದ್ದು ಬಿದ್ದ ಹಾಗೇ ಇರುತ್ತದೆ, ಯಂತ್ರ ಹಾಯಿಸಿ ಸಮ ಮಾಡಿರುವುದಿಲ್ಲ. ಹೊಸ ಹಿಮದಲ್ಲಿ 115ರ ಸ್ಕೀಗೆ ಸಾಟಿ ಇಲ್ಲ, ಒಪ್ಪಿದೆ. ಆದರೆ ಜೋರು ಹಿಮ ಬಿದ್ದ ಮೇಲೆ ಹಿಮಕುಸಿತದ ಭಯಕ್ಕೆ, ಗಾಳಿಗೆ, ಎರಡನೇ ಹಂತವನ್ನು ಎಷ್ಟೋ ಸಲ ಮುಚ್ಚಿಬಿಡುತ್ತಾರೆ. ಆಗ ಕೆಳಗಿನ ಹಂತದಲ್ಲಿ, ನಾಲ್ಕು ಜನ ಓಡಾಡಿ ಗಟ್ಟಿಯಾದ ಹಿಮದ ಮೇಲೆ ಅದೇ ಅಗಲದ ಸ್ಕೀಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸುವಷ್ಟರಲ್ಲಿ ಮೊಣಕಾಲು ಮಾತಾಡಲು ಶುರು ಮಾಡುತ್ತದೆ.

ಈಗಿನ ಪೌಡರ್ ಸ್ಕೀಗಳು ಮೊದಲಿನಷ್ಟು ಮೊಂಡಲ್ಲ, ಅದೂ ನಿಜ. 2000ರ ದಶಕದ ಆರಂಭದಲ್ಲಿ ಸ್ಕೀಯರ್ ಶೇನ್ ಮೆಕಾಂಕಿ ಯೋಚನೆಯಿಂದ ಬಂದ ವೊಲಾಂಟ್ ಸ್ಪ್ಯಾಚುಲಾ ತುದಿಯಿಂದ ಬಾಲದವರೆಗೂ ಮೇಲಕ್ಕೇ ಬಾಗಿತ್ತು, ಆಳದ ಹಿಮದಲ್ಲಿ ತೇಲುತ್ತಿತ್ತು, ಗಟ್ಟಿ ಹಿಮದಲ್ಲಿ ಹಿಡಿತವೇ ಕಡಿಮೆ. ಈಗ ತುದಿ ಮತ್ತು ಬಾಲದಲ್ಲಿ ಮಾತ್ರ ಆ ಬಾಗು, ಅಂದರೆ ರಾಕರ್, ಇಟ್ಟು ಕಾಲಡಿಯಲ್ಲಿ ಕ್ಯಾಂಬರ್, ಅಂದರೆ ಅದರ ಉಲ್ಟಾ ಬಾಗು, ಉಳಿಸುವುದೇ ಹೆಚ್ಚು. ಎರಡೂ ಸ್ಕೀಗಳ ತಳಕ್ಕೆ ತಳ ಕೂಡಿಸಿ ಹಿಡಿದರೆ ಗೊತ್ತಾಗುತ್ತದೆ: ನಡುವೆ ಕಾಣುವ ಸಂದು ಕ್ಯಾಂಬರ್, ಎರಡೂ ಕಡೆ ಎಲ್ಲಿಂದ ಬಾಯಿ ಬಿಡುತ್ತದೋ ಅಲ್ಲಿಂದ ರಾಕರ್. ರಾಕರ್ ಜಾಸ್ತಿ ಇದ್ದರೆ ಗಟ್ಟಿ ಹಿಮದ ಮೇಲೆ ಸ್ಕೀ ತನ್ನ ಉದ್ದಕ್ಕಿಂತ ಗಿಡ್ಡದಂತೆ ವರ್ತಿಸುತ್ತದೆ, ಹಾಗಾಗಿ ಉದ್ದದಲ್ಲಿ ಜಿಪುಣತನ ಬೇಡ.

ಇನ್ನೊಂದು ವಿಷಯ, ಲೋಹದ ಪದರ. ನಾರ್ಡಿಕಾ ಎನ್‌ಫೋರ್ಸರ್‌ನಂಥವುಗಳಲ್ಲಿ ಟೈಟನಾಲ್ ಇರುತ್ತದೆ. ಹೆಸರು ಕೇಳಿ ಟೈಟೇನಿಯಂ ಅಂದುಕೊಳ್ಳಬೇಡಿ, ಅದು ಅಲ್ಯುಮಿನಿಯಂ ಮಿಶ್ರಲೋಹ. ವೇಗದಲ್ಲಿ ನಡುಗುವುದಿಲ್ಲ, ಆದರೆ ತೂಕ. ಬೆಂಟ್ 100ರಲ್ಲಿ ಲೋಹ ಇಲ್ಲ, ಹಗುರ, ತಿರುಗಿಸಲು ಸಲೀಸು, ಉಬ್ಬುತಗ್ಗಿನಲ್ಲಿ ಸ್ವಲ್ಪ ಎಗರಾಡುತ್ತದೆ. ಕಲಿತು ಎರಡು-ಮೂರು ಚಳಿಗಾಲ ಆಗಿದೆ ಅಷ್ಟೇ ಅನ್ನುವವರು ಲೋಹ ಇಲ್ಲದ್ದನ್ನೇ ತಗೊಳ್ಳಿ.

ಈಗ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ. ಅದನ್ನು ಕೂರಿಸಲೇ ಡ್ರಿಲ್ ಬೇಕು. ಸ್ಕೀ ಮೇಲೆ ಕಂಪನಿಯವರೇ ಒಂದು ಗೆರೆ ಹಾಕಿರುತ್ತಾರೆ. ನಿಮ್ಮ ಬೂಟಿನ ಪಕ್ಕದಲ್ಲೂ, ಅಟ್ಟೆಯ ಹತ್ತಿರ ನಟ್ಟನಡುವೆ ಒಂದು ಸಣ್ಣ ಗೀರು ಇರುತ್ತದೆ. ಇವೆರಡೂ ಒಂದರ ಮೇಲೊಂದು ಬರಬೇಕು, ಮೂಲ ಕೆಲಸ ಇಷ್ಟೇ. ಗೆರೆ ಎಲ್ಲಿದೆ ಅಂತ ಅಳೆಯುವುದು ಸುಲಭ. ಟೇಪನ್ನು ಬಾಲದಿಂದ ತುದಿಗೆ ನೇರವಾಗಿ ಎಳೆಯಿರಿ, ಬಾಗಿಗೆ ಅಂಟಿಸಬೇಡಿ. 182 ಸೆಂಟಿಮೀಟರ್ ಬಂತು ಅಂದುಕೊಳ್ಳಿ, ಅರ್ಧ 91. ಗೆರೆ ಬಾಲದಿಂದ 82ಕ್ಕೆ ಇದ್ದರೆ ಅದು ಮೈನಸ್ 9, ಅಂದರೆ ನಡುವಿನಿಂದ 9 ಸೆಂಟಿಮೀಟರ್ ಹಿಂದೆ. ಆಲ್-ಮೌಂಟನ್ ಸ್ಕೀಗಳಲ್ಲಿ ಸಾಮಾನ್ಯವಾಗಿ ಮೈನಸ್ 8ರಿಂದ 11ರ ಆಸುಪಾಸು ಸಿಗುತ್ತದೆ. ಹಾರುವ, ಹಿಮ್ಮುಖ ಜಾರುವ ಹುಡುಗರಿಗಾಗಿ ಮಾಡಿದ ಪೌಡರ್ ಸ್ಕೀಗಳಲ್ಲಿ ಮೈನಸ್ 5-6 ಕೂಡ ಇರುತ್ತದೆ. ಹಾಗಾಗಿ ಒಂದು ಸ್ಕೀಯ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ.

ಗೆರೆಯಿಂದ ಒಂದು ಸೆಂಟಿಮೀಟರ್ ಮುಂದೆ ಹೋದರೆ ಸ್ಕೀ ಬೇಗ ತಿರುಗುತ್ತದೆ, ಆದರೆ ಆಳದ ಹಿಮದಲ್ಲಿ ತುದಿ ಮುಳುಗಲು ನೋಡುತ್ತದೆ. ಹಿಂದೆ ಹೋದರೆ ಉಲ್ಟಾ. ಬೈಕಿನ ಹಿಂದೆ ಇಬ್ಬರು ಕೂತರೆ ಮುಂದಿನ ಗಾಲಿ ಹಗುರ ಆಗುತ್ತದಲ್ವಾ, ಹಾಗೆ ತುದಿ ಮೇಲೆದ್ದು ತೇಲುತ್ತದೆ, ನೇರ ಓಟದಲ್ಲಿ ಗಟ್ಟಿ, ತಿರುವಿಗೆ ಮಾತ್ರ ಒತ್ತಾಯ ಮಾಡಬೇಕು. ಬರೀ ಪೌಡರ್‌ಗೇ ಇಟ್ಟ ಸ್ಕೀ, ಗೆರೆ ಮೈನಸ್ 6ರಷ್ಟು ಮುಂದಿದೆ, ನೀವು ಹಿಮ್ಮುಖ ಜಾರುವವರಲ್ಲ ಅಂದರೆ ಒಂದು ಸೆಂಟಿಮೀಟರ್ ಹಿಂದೆ ಹಾಕಿ. ಉಳಿದವರು ಗೆರೆ ಮೇಲೇ ಹಾಕಿ. ಸುಮ್ನೆ ಯಾರೋ ಹೇಳಿದರು ಅಂತ ಎರಡು-ಮೂರು ಸೆಂಟಿಮೀಟರ್ ಸರಿಸಬೇಡಿ. ತೂತು ಹಾಕಿದ ಮೇಲೆ ಮತ್ತೆ ಹಾಕಬೇಕಾದರೆ ಹಳೆಯದರಿಂದ ಒಂದು ಸೆಂಟಿಮೀಟರಾದರೂ ದೂರ ಇರಬೇಕು. ಮನಸ್ಸು ಗಟ್ಟಿ ಆಗದಿದ್ದರೆ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಡೆಮೊ ಬೈಂಡಿಂಗ್ ತಗೊಳ್ಳಿ, ತೂಕ ಸ್ವಲ್ಪ ಜಾಸ್ತಿ ಅಷ್ಟೇ. ಬ್ರೇಕಿನ ಅಗಲ ಸ್ಕೀಗಿಂತ ಕಡಿಮೆ ಇರಬಾರದು, 100ರ ಸ್ಕೀಗೆ 110ರ ಬ್ರೇಕ್ ಸರಿ.

ತರಬೇತಿ ಪಡೆದವರ ಕೈಯಲ್ಲೇ ಕೂರಿಸಿ ಅಂತ ಕಂಪನಿಯವರು ಹೇಳುತ್ತಾರೆ. ಅದು ಸರಿಯೇ. ಊರಲ್ಲೇ ಮಾಡಿಸುವುದಾದರೆ ಗೋಕುಲ ರೋಡಿನ ವರ್ಕ್‌ಶಾಪ್‌ಗಳಲ್ಲಿ ಇರುವಂಥ, ಆಳ ಕಟ್ಟುವ ಸ್ಟಾಪ್ ಇರುವ ಸ್ಟ್ಯಾಂಡ್ ಡ್ರಿಲ್ ಬೇಕು, ಕೈ ಡ್ರಿಲ್ ಬೇಡ. ಬೈಂಡಿಂಗ್‌ನ ಕಾಗದದ ಅಚ್ಚು ಪ್ರಿಂಟ್ ಹಾಕಿಸುವಾಗ ಅಂಗಡಿಯ ಹುಡುಗ ಹಾಳೆಗೆ ಹೊಂದಿಸಿ ಒತ್ತಿಬಿಡುತ್ತಾನೆ, ಎಲ್ಲ ಅಳತೆಯೂ ಕುಗ್ಗುತ್ತದೆ. ಸ್ಟೀಲ್ ಪಟ್ಟಿ ಇಟ್ಟು ನೋಡಿಯೇ ಅಂಟಿಸಿ. ಸ್ಕೀ ಮೇಲೆ 4.1 x 9 ಅಂತ ಬರೆದಿದ್ದರೆ 4.1 ಮಿಲಿಮೀಟರ್ ಬಿಟ್, 9 ಮಿಲಿಮೀಟರ್ ಆಳ. ಲೋಹ ಇಲ್ಲದವಕ್ಕೆ ಸಾಮಾನ್ಯವಾಗಿ 3.5 ಅಥವಾ 3.6 ಇರುತ್ತದೆ. ಹಾರ್ಡ್‌ವೇರ್ ಅಂಗಡಿಯವರು 4 ಕೊಟ್ಟು ನಡೆಯುತ್ತೆ ಅಂದರೆ ಒಪ್ಪಬೇಡಿ. ಮೊದಲು ಪಂಚ್ ಹೊಡೆಯಿರಿ, ಇಲ್ಲದಿದ್ದರೆ ಬಿಟ್ ಜಾರುತ್ತದೆ. ಟೈಟನಾಲ್ ಇದ್ದರೆ ಮೊದಲು ಬೆಳ್ಳಗೆ ಹೊಳೆಯುವ ಚೂರು ಸುರುಳಿಯಾಗಿ ಮೇಲೆ ಬರುತ್ತದೆ, ಆಮೇಲೆ ಮರದ ಪುಡಿ. ಅಂಥ ಸ್ಕೀಗೆ ಟ್ಯಾಪ್ ಕೂಡ ಹೊಡೆಯಬೇಕು, ಅಂದರೆ ತೂತಿನೊಳಗೆ ಸ್ಕ್ರೂಗೆ ಎಳೆ ಕೊರೆಯಬೇಕು. ತೂತಿಗೆ ನೀರು ತಡೆಯುವ ಮರದ ಅಂಟು ಒಂದೊಂದು ಹನಿ. ಸ್ಕ್ರೂಗೆ ಪೋಜಿಡ್ರೈವ್ 3ನೇ ನಂಬರ್ ಬಿಟ್ಟೇ ಬೇಕು, ಮಾಮೂಲಿ ಸ್ಟಾರ್ ಹಾಕಿದರೆ ತಲೆ ಸವೆದು ಹೋಗುತ್ತದೆ.

ಡಿನ್ ಸಂಖ್ಯೆಯನ್ನು, ಅಂದರೆ ಎಷ್ಟು ಬಲ ಬಿದ್ದರೆ ಬೈಂಡಿಂಗ್ ಬೂಟನ್ನು ಬಿಡಬೇಕು ಅನ್ನುವ ಲೆಕ್ಕವನ್ನು, ಮಾತ್ರ ಅಂದಾಜಿಗೆ ಬಿಡಬೇಡಿ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಜಾರುವ ರೀತಿ, ಎಲ್ಲ ಸೇರಿಸಿ ಐಎಸ್‌ಒ 11088 ಪಟ್ಟಿಯಿಂದ ತೆಗೆಯುವುದು ಅದು. 50 ದಾಟಿದವರಿಗೆ ಒಂದು ಮೆಟ್ಟಿಲು ಕಡಿಮೆ. ಜಾಸ್ತಿ ಇಟ್ಟರೆ ಬಿದ್ದಾಗ ಬೂಟು ಬಿಡುವುದಿಲ್ಲ, ಕಾಲು ಮುರಿಯುತ್ತದೆ. ತೀರಾ ಕಡಿಮೆ ಇಟ್ಟರೆ ಇಳಿಜಾರಿನ ನಡುವೆ ಸುಮ್ನೆ ಕಳಚಿಕೊಳ್ಳುತ್ತದೆ. ಬೂಟು ಹಾಕಿ ಹಿಮ್ಮಡಿ ಒತ್ತಿದ ಮೇಲೆ ಬೈಂಡಿಂಗ್‌ನ ಹಿಂಭಾಗದ ಸೂಚಕ ತನ್ನ ಗುರುತಿನ ಒಳಗೆ ಇದೆಯಾ ನೋಡಿ, ಗುಲ್ಮಾರ್ಗ್‌ಗೆ ಹೋದ ಮೇಲೆ ಬಾಡಿಗೆ ಅಂಗಡಿಯ ತಂತ್ರಜ್ಞನಿಗೂ ಒಮ್ಮೆ ತೋರಿಸಿ, ಗೊಂಡೋಲಾ ಟಿಕೆಟ್ ಆಮೇಲೆ.