ಪರ್ಫ್ಯೂಷನ್ ಸ್ಕ್ಯಾನ್ ನೋಡಿ ಲಕ್ವದ ಚೇತರಿಕೆ ಅಂದಾಜು ಮಾಡುವುದು: ನನ್ನ ಅನುಭವ

ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಲಕ್ವ ಹೊಡೆದವರ ಮೆದುಳಿನಲ್ಲಿ ರಕ್ತ ಎಲ್ಲಿ ಎಷ್ಟು ಹರಿಯುತ್ತಿದೆ ಅಂತ ತೋರಿಸುವ ಸ್ಕ್ಯಾನೇ ಸಿಟಿ ಪರ್ಫ್ಯೂಷನ್. ಅದು ಮುಗಿದ ಕೂಡಲೇ ಕಂಪ್ಯೂಟರ್ ಮೆದುಳಿನ ಬಣ್ಣದ ನಕ್ಷೆ ಕೊಡುತ್ತದೆ. ನಾನು ಮೊದಲು ನೋಡುವುದು ಅದನ್ನಲ್ಲ, ಅದರ ಹಿಂದಿನ ಗ್ರಾಫನ್ನು. ಮೊಣಕೈ ಹತ್ತಿರದ ರಕ್ತನಾಳಕ್ಕೆ 18 ಗೇಜ್ ಕ್ಯಾನುಲಾ ಹಾಕಿ, ಸೆಕೆಂಡಿಗೆ 4–5 ಮಿ.ಲೀ. ವೇಗದಲ್ಲಿ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ರಕ್ತ ಎದ್ದು ಕಾಣುವಂತೆ ಮಾಡುವ ದ್ರವ) ಕೊಟ್ಟು, ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಅದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತೇವೆ. ಕಾಂಟ್ರಾಸ್ಟ್ ಮೆದುಳಿಗೆ ಬಂದು ಹೊರಟುಹೋಗುವುದು ಗ್ರಾಫಿನಲ್ಲಿ ಪೂರ್ತಿ ಕಾಣಬೇಕು. ಹೃದಯ ದುರ್ಬಲವಾಗಿದ್ದವರಲ್ಲಿ ಅದು ತಡವಾಗಿ ಬರುತ್ತದೆ, ಗೆರೆ ಕೆಳಗಿಳಿಯುವ ಮೊದಲೇ ಸ್ಕ್ಯಾನ್ ಮುಗಿದಿರುತ್ತದೆ. ಅಂಥ ನಕ್ಷೆಯ ಅಂಕಿಗಳನ್ನು ನಾನು ನಂಬುವುದಿಲ್ಲ.

ಅಂಕಿಗಳು ಮುಖ್ಯವಾಗಿ ಎರಡು. ರಕ್ತದ ಹರಿವು ಆರೋಗ್ಯವಾಗಿರುವ ಬದಿಯ ಶೇ. 30ಕ್ಕಿಂತ ಕಡಿಮೆಯಾದ ಭಾಗವನ್ನು ಕೋರ್ ಅನ್ನುತ್ತೇವೆ, ಅಂದರೆ ಬಹುತೇಕ ಕೈಬಿಟ್ಟುಹೋದ ಭಾಗ. ಟಿಮ್ಯಾಕ್ಸ್, ಅಂದರೆ ಕಾಂಟ್ರಾಸ್ಟ್ ಆ ಭಾಗಕ್ಕೆ ತಲುಪುವಲ್ಲಿ ಆಗುವ ತಡ, 6 ಸೆಕೆಂಡಿಗಿಂತ ಜಾಸ್ತಿ ಇರುವುದು ಅಪಾಯದಲ್ಲಿರುವ ಒಟ್ಟು ಭಾಗ. ಎರಡರ ನಡುವಿನ ವ್ಯತ್ಯಾಸವೇ ಉಳಿಸಿಕೊಳ್ಳಬಹುದಾದದ್ದು. 2018ರಲ್ಲಿ ಬಂದ ಡಿಫ್ಯೂಸ್-3 ಅಧ್ಯಯನ ಇದೇ ಲೆಕ್ಕದ ಮೇಲೆ ಲಕ್ವ ಹೊಡೆದು 6ರಿಂದ 16 ಗಂಟೆಯ ನಡುವಿನ ರೋಗಿಗಳನ್ನು ಆರಿಸಿತು: ಕೋರ್ 70 ಮಿ.ಲೀ.ಗಿಂತ ಕಡಿಮೆ, ಅಪಾಯದಲ್ಲಿರುವ ಒಟ್ಟು ಭಾಗ ಕೋರ್‌ನ ಕನಿಷ್ಠ 1.8 ಪಟ್ಟು. ಆದರೆ ಇದು ಯಾರಿಗೆ ಹೆಪ್ಪು ತೆಗೆಯಬಹುದು ಅನ್ನುವ ಲೆಕ್ಕ. ಯಾರು ಎಷ್ಟು ಸುಧಾರಿಸುತ್ತಾರೆ ಅನ್ನುವುದು ಬೇರೆ ಪ್ರಶ್ನೆ, ಮನೆಯವರು ಕೇಳುವುದು ಅದನ್ನೇ.

ಅದಕ್ಕೆ ನಾನು ಟಿಮ್ಯಾಕ್ಸ್ 10 ಸೆಕೆಂಡು ದಾಟಿದ ಭಾಗ ಎಷ್ಟಿದೆ ಅಂತ ನೋಡುತ್ತೇನೆ. 6 ದಾಟಿದ್ದರಲ್ಲಿ 10 ದಾಟಿದ್ದು ಸುಮಾರು ಶೇ. 40ಕ್ಕಿಂತ ಕಡಿಮೆಯಿದ್ದರೆ ಪಕ್ಕದ ರಕ್ತನಾಳಗಳು ಚೆನ್ನಾಗಿ ಕೆಲಸ ಮಾಡುತ್ತಿವೆ ಅಂತ ಅರ್ಥ. ಮುಖ್ಯ ಕಾಲುವೆ ಕಟ್ಟಿಕೊಂಡರೂ ಮೇಲಿನ ಗದ್ದೆಯಿಂದ ನೀರು ಬಸಿದು ಬಂದು ಪೈರು ಹಿಡಿದುಕೊಂಡಿರುವುದಿಲ್ವಾ, ಹಾಗೆ.

ಇಬ್ಬರು ರೋಗಿಗಳು ನನಗೆ ಚೆನ್ನಾಗಿ ನೆನಪಿದ್ದಾರೆ. ಒಬ್ಬರು ಬೆಳಿಗ್ಗೆ ಏಳುವಾಗಲೇ ಬಲಗೈ ಬಿದ್ದು, ಮಾತು ನಿಂತ ರೈತರು. ಅಪಾಯದ ಭಾಗ ದೊಡ್ಡದು, ಕೋರ್ ಚಿಕ್ಕದು, ಅದೂ ಮೆದುಳಿನ ಹೊರಪದರದ ಒಂದು ಮೂಲೆಯಲ್ಲಿ. ಹೆಪ್ಪು ತೆಗೆದ ಮರುದಿನವೇ ಕೈ ಎತ್ತಿದರು. ಇನ್ನೊಬ್ಬರು ಅಜ್ಜಿ. ಕೋರ್ ಇನ್ನೂ ಚಿಕ್ಕದು, ಆದರೆ ಕೈಕಾಲಿಗೆ ಹೋಗುವ ನರತಂತುಗಳೆಲ್ಲ ಒತ್ತಾಗಿ ಹಾದುಹೋಗುವ ಒಳಭಾಗದಲ್ಲಿತ್ತು. ರಕ್ತನಾಳ ಪೂರ್ತಿ ತೆರೆಯಿತು, ಮಾತು ಬಂತು, ಕೈ ಬರಲಿಲ್ಲ. ಹಾಗಾಗಿ ಮಿ.ಲೀ. ಎಷ್ಟು ಅಂತ ಓದಿದ ಮೇಲೆ ಅದು ಎಲ್ಲಿದೆ ಅಂತ ನಕ್ಷೆಯನ್ನು ಪದರ ಪದರವಾಗಿ ತಿರುಗಿಸಿ ನೋಡಲೇಬೇಕು. ಸಾಫ್ಟ್‌ವೇರಿನ ಒಟ್ಟು ಮೊತ್ತ ಅದನ್ನು ಹೇಳುವುದಿಲ್ಲ.

ಇನ್ನೊಂದು ಮಾತು. ಲಕ್ವ ಹೊಡೆದು ಒಂದೆರಡು ಗಂಟೆಯೊಳಗೆ ಬಂದವರಲ್ಲಿ ಯಂತ್ರ ಕೋರ್ ಅಂತ ತೋರಿಸಿದ ಭಾಗ, ರಕ್ತನಾಳ ಬೇಗ ತೆರೆದರೆ, ಮರುದಿನದ ಎಂಆರ್‌ಐಯಲ್ಲಿ ಸರಿಯಾಗೇ ಇರುವುದನ್ನು ನೋಡಿದ್ದೇನೆ. ಕುತ್ತಿಗೆಯ ರಕ್ತನಾಳ ಮೊದಲೇ ಕಿರಿದಾಗಿದ್ದವರಲ್ಲಿ ಟಿಮ್ಯಾಕ್ಸ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಅದಕ್ಕೇ ಮಾಮೂಲಿ ಸಿಟಿ ಮತ್ತು ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಪಕ್ಕದಲ್ಲಿ ಇಟ್ಟುಕೊಳ್ಳದೆ ಪರ್ಫ್ಯೂಷನ್ ಓದಬಾರದು.

"ಡಾಕ್ಟ್ರೇ, ಅಪ್ಪ ಮತ್ತೆ ನಡೀತಾರಾ?" ಅಂದಾಗ ಮೊದಲ ರಾತ್ರಿ ಶೇಕಡಾವಾರು ಹೇಳುವುದಿಲ್ಲ. "ಉಳಿಸಿಕೊಳ್ಳೋಕೆ ತುಂಬಾ ಇದೆ ಅಂತ ಸ್ಕ್ಯಾನ್ ಹೇಳ್ತಿದೆ, ನಾಳೆ ಇದೇ ಹೊತ್ತಿಗೆ ಇನ್ನೊಂದು ಸಲ ಕೂತು ಮಾತಾಡೋಣ" ಅನ್ನುತ್ತೇನೆ. ಮರುದಿನ ಎನ್‌ಐಎಚ್‌ಎಸ್‌ಎಸ್ ಸ್ಕೋರ್ (ಲಕ್ವದ ತೀವ್ರತೆ ಅಳೆಯುವ ಅಂಕ) ಎಷ್ಟು ಇಳಿದಿದೆ, ಮೂರನೇ ದಿನ ಬೆರಳು ಬಿಚ್ಚುತ್ತಾರಾ, ಭುಜ ಎತ್ತುತ್ತಾರಾ ಅಂತ ಹಾಸಿಗೆ ಪಕ್ಕ ನಿಂತು ನೋಡುತ್ತೇನೆ. ಕೈ ಬಗ್ಗೆ ನಾನು ಖಚಿತವಾಗಿ ಏನಾದರೂ ಹೇಳುವುದು ಆಮೇಲೆಯೇ.