ಕಲಬುರಗಿ ಬಿಸಿಲಿಗೆ ನನ್ನ ತಯಾರಿ

ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ನನ್ನದು ಬೈಕಿನಲ್ಲಿ ಅಂಗಡಿ ಅಂಗಡಿ ಸುತ್ತಿ ಆರ್ಡರ್ ಹಿಡಿಯುವ ಕೆಲಸ. ಮನೆಯಲ್ಲೇ ಕೂತರೆ ಹೊಟ್ಟೆ ತುಂಬುತ್ತಾ?

ಬಾಯಾರುವ ತನಕ ಕಾಯಬೇಡಿ. ಹೊರಡುವ ಮೊದಲೇ ಎರಡು ಲೋಟ ಮಡಿಕೆ ನೀರು ಕುಡಿಯಿರಿ. ಆಮೇಲೆ ಪ್ರತಿ ಅಂಗಡಿಯಲ್ಲಿ ನಾಲ್ಕು ಗುಟುಕು. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ಲೆಕ್ಕ. ಜಾಸ್ತಿ ಬೆವರಿದಾಗ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ. ಅದಕ್ಕೇ ನಾನು ತೆಳು ಮಜ್ಜಿಗೆಗೆ ಉಪ್ಪು, ಜೀರಿಗೆ, ಕರಿಬೇವು ಹಾಕಿ ಬಾಟಲಿಗೆ ತುಂಬಿಕೊಳ್ಳುತ್ತೇನೆ. ಭೇದಿ ಶುರುವಾದರೆ ಉಪ್ಪು-ಸಕ್ಕರೆ ನೀರು, ಅಂದರೆ ಓಆರ್‌ಎಸ್ ಬೇಕು. ಪುಡಿ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಹಾಕಬೇಡಿ, ಮಟ್ಟ ಮಾಡಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಹೋದ ವರ್ಷ ಯಾರದೋ ಮಾತು ಕೇಳಿ ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗಿಳಿದೆ. ಕೆನ್ನೆ ಉರಿದು ಕಪ್ಪು ಕಲೆ ಬಿತ್ತು. ನಿಂಬೆರಸಕ್ಕೆ ಬಿಸಿಲು ಸೇರಿದರೆ ಚರ್ಮ ಸುಡುತ್ತದೆ. ನಿಂಬೆ ಪಾನಕಕ್ಕೇ ಇರಲಿ.

ಈಗ ಎಸ್‌ಪಿಎಫ್ 30 (ಬಿಸಿಲು ತಡೆಯುವ ಮಟ್ಟ) ಇರುವ ಸನ್‌ಸ್ಕ್ರೀನ್. ಹೊರಡುವ 20 ನಿಮಿಷ ಮೊದಲು ಹಚ್ಚುತ್ತೇನೆ, ಎರಡು ಗಂಟೆಗೊಮ್ಮೆ ಮತ್ತೆ. ಕಿವಿ, ಕತ್ತು ಮರೆಯಬೇಡಿ. ಬೆವರುಗುಳ್ಳೆಗೆ ತಣ್ಣೀರು ಸ್ನಾನ, ಸಡಿಲ ಹತ್ತಿ ಅಂಗಿ ಸಾಕು. ಎಣ್ಣೆ ಬಳಿದರೆ ಇನ್ನೂ ಕೆರಳುತ್ತದೆ.

ಜೊತೆಯವರು ಬಿಸಿಲಲ್ಲಿ ತೊದಲಿದರೆ, ಗೊಂದಲಗೊಂಡರೆ ಸುಮ್ನೆ ನೋಡುತ್ತಾ ನಿಲ್ಲಬೇಡಿ. ನೆರಳಿಗೆ ಕರೆತಂದು ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.