ಬಳಸಿದ ಕ್ಯಾರವಾನ್ ಕೊಳ್ಳುವ ಮುನ್ನ ನಾನು ತೇವ ಪರೀಕ್ಷಿಸಿದ ಬಗೆ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯಾದ ಕ್ಯಾರವಾನಿನ ಗೋಡೆ ಹೊರನೋಟಕ್ಕೆ ಒಂದೇ ತಗಡಿನಂತೆ ಕಂಡರೂ, ಹಳೆಯ ಮಾದರಿಗಳಲ್ಲಿ ಬಹುಪಾಲು ಅದು ಹೊರಗೆ ಅಲ್ಯೂಮಿನಿಯಂ, ನಡುವೆ ಮರದ ಚೌಕಟ್ಟು ಮತ್ತು ಥರ್ಮಾಕೋಲಿನಂಥ ಪದರ, ಒಳಗೆ ಅಲಂಕಾರದ ಹಾಳೆ ಅಂಟಿಸಿದ ತೆಳು ಪ್ಲೈವುಡ್ ಹೀಗೆ ಹಲವು ಪದರಗಳಿಂದ ಕೂಡಿರುತ್ತದೆ. ತಗಡುಗಳು ಸೇರುವ ಮೂಲೆಗಳಲ್ಲಿ, ಕಿಟಕಿಯ ಸುತ್ತ ಮತ್ತು ಚಾವಣಿಯ ಗವಾಕ್ಷಿಯ ಬಳಿ ತುಂಬಿದ ಸೀಲಂಟ್ (ನೀರು ಒಳಬರದಂತೆ ಸಂದು ಮುಚ್ಚುವ ಅಂಟು) ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಅಲ್ಲಿಂದ ಒಳಹೊಕ್ಕ ನೀರು ಯಾರ ಕಣ್ಣಿಗೂ ಬೀಳದೆ ಮರವನ್ನು ಕೊಳೆಸುತ್ತಾ ಹೋಗುತ್ತದೆ. ಎಂಜಿನ್ ಇಲ್ಲದ ಈ ವಾಹನದಲ್ಲಿ ಅತಿ ದುಬಾರಿಯಾದ ದುರಸ್ತಿ ಬಹುಮಟ್ಟಿಗೆ ಇದೇ ಆಗಿರುವುದರಿಂದ, ಪರದೆ, ಒಲೆ, ಹಾಸಿಗೆಗಳನ್ನು ನೋಡುವ ಮೊದಲೇ ನಾನು ತೇವವನ್ನು ಹುಡುಕಲು ನಿರ್ಧರಿಸಿದ್ದೆ.

ಡೀಲರ್‌ಗೆ ಮುಂಚಿತವಾಗಿ ಕರೆ ಮಾಡಿ, ನಾನು ಬರುವ ತನಕ ಒಳಗೆ ಹೀಟರ್ ಹಾಕಬಾರದು, ಸುಗಂಧ ಸಿಂಪಡಿಸಬಾರದು ಎಂದು ವಿನಂತಿಸಿಕೊಂಡೆ. ದಿನಗಟ್ಟಲೆ ಬಿಸಿಗಾಳಿ ಆಡಿದರೆ ಗೋಡೆಯ ಮೇಲ್ಮೈ ಒಣಗಿ, ಒಳಗಿನ ಒದ್ದೆ ತೇವ ಅಳೆಯುವ ಮಾಪಕಕ್ಕೆ ಸರಿಯಾಗಿ ಸಿಗದೇ ಹೋಗಬಹುದು. ನೋಡಲು ಹೋಗುವುದಕ್ಕೂ ಮಳೆ ಸುರಿದ ಮರುದಿನವನ್ನೇ ಆರಿಸಿಕೊಂಡೆ. ಬಾಗಿಲು ತೆರೆದ ಕೂಡಲೇ ಮಾತನಾಡದೆ ಒಂದು ಕ್ಷಣ ನಿಂತು ಉಸಿರೆಳೆದುಕೊಳ್ಳುವುದು ಒಳ್ಳೆಯದು. ಮುಗ್ಗಲು ವಾಸನೆ ಮೂಗಿಗೆ ಒಗ್ಗಿಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಆಮೇಲೆ ಕೈಯ ಕೆಲಸ. ಸೀಟುಗಳ ಕೆಳಗಿನ ಪೆಟ್ಟಿಗೆಗಳು, ಬೀರುವಿನ ತಳ, ಮೇಲಿನ ಕಪಾಟುಗಳ ಒಳಮೂಲೆ, ಚಕ್ರದ ಕಮಾನಿನ ಸುತ್ತ, ಹೀಗೆ ಸಾಮಾನು ಇಟ್ಟಾಗ ಮರೆಯಾಗುವ ಜಾಗಗಳನ್ನೆಲ್ಲ ಖಾಲಿ ಮಾಡಿಸಿ, ಟಾರ್ಚನ್ನು ಗೋಡೆಗೆ ತಾಗುವಂತೆ ಓರೆಯಾಗಿ ಹಿಡಿದು ನೋಡಿದೆ. ನೇರ ಬೆಳಕಿನಲ್ಲಿ ಕಾಣದ ಉಬ್ಬು, ಸುಕ್ಕು, ಕಪ್ಪು ಚುಕ್ಕೆಗಳು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಹೆಬ್ಬೆರಳಿನಿಂದ ಒತ್ತಿದಾಗ ಗಟ್ಟಿ ಪ್ಲೈವುಡ್ ಬಗ್ಗುವುದಿಲ್ಲ, ಕೊಳೆತದ್ದು ನೆನೆದ ರಟ್ಟಿನಂತೆ ಒಳಕ್ಕೆ ಹೋಗುತ್ತದೆ. ಎಲ್ಲೋ ಒಂದೆಡೆ ಮಾತ್ರ ಹೊಸದಾಗಿ ಬಳಿದ ಸೀಲಂಟ್ ಕಂಡರೆ ಅದಕ್ಕೆ ಕಾರಣ ಕೇಳಲೇಬೇಕು.

ಮಾಪಕವನ್ನು ನಾನು ಕೊನೆಯಲ್ಲಿ ಹೊರತೆಗೆದೆ. ಇದರ ಎರಡು ಸೂಜಿಗಳ ನಡುವೆ ವಿದ್ಯುತ್ತಿಗೆ ಎಷ್ಟು ತಡೆಯಿದೆ ಎಂಬುದರಿಂದ ಮರದ ತೇವಾಂಶವನ್ನು ಶೇಕಡಾವಾರು ತೋರಿಸಲಾಗುತ್ತದೆ. ಸೂಜಿ ಚುಚ್ಚಿದರೆ ಗುರುತು ಉಳಿಯುವುದರಿಂದ ಡೀಲರ್‌ನ ಅನುಮತಿ ಪಡೆದು, ಕಣ್ಣಿಗೆ ಬೀಳದ ಕಡೆಗಳಲ್ಲಿ ಮಾತ್ರ ಚುಚ್ಚಿದೆ. ಸಾಮಾನ್ಯವಾಗಿ 15ರೊಳಗಿನ ಅಂಕಿಯನ್ನು ಒಳ್ಳೆಯದೆಂದೂ, 15ರಿಂದ 20ರವರೆಗಿನದನ್ನು ಗಮನದಲ್ಲಿಡಬೇಕಾದ್ದೆಂದೂ, 20 ದಾಟಿದ್ದನ್ನು ತನಿಖೆ ಮಾಡಬೇಕಾದ್ದೆಂದೂ ಪರಿಗಣಿಸುತ್ತಾರೆ; 30 ಮೀರಿದರೆ ಚೌಕಟ್ಟೇ ಹಾಳಾಗಿರುವ ಸಂಭವ ಹೆಚ್ಚು. ಆದರೆ ಒಂಟಿ ಅಂಕಿಯನ್ನು ನಾನು ನಂಬುವುದಿಲ್ಲ. ಹಲಗೆಯ ಹಿಂಬದಿಯಲ್ಲಿ ಮೊಳೆಯೋ ಲೋಹದ ಪಟ್ಟಿಯೋ ಇದ್ದರೆ ಸುಳ್ಳು ಅಂಕಿ ಬರಬಹುದು. ಆದ್ದರಿಂದ ಕ್ಯಾರವಾನಿನ ಸರಳ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದುಕೊಂಡು, ಪ್ರತಿ ಅಳತೆಯನ್ನೂ ಅದರ ಜಾಗದಲ್ಲೇ ಗುರುತಿಸುತ್ತಾ ಹೋದೆ.

ಆ ನಕ್ಷೆಯೇ ವಿಷಯವನ್ನು ಬಯಲು ಮಾಡಿತು. ಉಳಿದೆಡೆಯೆಲ್ಲ 12, 13 ಇದ್ದರೆ, ಮುಂದಿನ ಕಿಟಕಿಯ ಎಡ ಕೆಳಮೂಲೆಯತ್ತ ಸರಿದಂತೆ 16, 19, ಕೊನೆಗೆ 24 ಬಂತು. ಲೋಹದಿಂದ ಬರುವ ತಪ್ಪು ಅಂಕಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಒಮ್ಮೆಲೇ ಜಿಗಿಯುತ್ತದೆ. ಉಸಿರಿನ ಆವಿ ಗಾಜಿನ ಬಳಿ ತಣ್ಣಗಾಗಿ ಕೂತಿರಬೇಕು ಎಂದು ಡೀಲರ್ ಹೇಳಿದರು. ಅದು ಆಗದ ಮಾತೇನಲ್ಲ. ಹಾಗಾಗಿ ಮೂಲೆಯನ್ನು ಒರೆಸಿ, ಕಿಟಕಿ ತೆರೆದಿಟ್ಟು, ಮಧ್ಯಾಹ್ನ ಮತ್ತೆ ಅಳೆದೆವು. ಮೇಲ್ಮೈಯ ಆವಿಯಾಗಿದ್ದರೆ ಅಂಕಿ ಇಳಿಯಬೇಕಿತ್ತು, ಅದು ಕದಲಲಿಲ್ಲ. ಹೊರಗೆ ಹೋಗಿ ನೋಡಿದಾಗ, ಒದ್ದೆಯಾದ ಜಾಗದ ನೇರ ಹೊರಬದಿಯಲ್ಲಿ ಯಾವ ಬಿರುಕೂ ಇರಲಿಲ್ಲ. ನೀರು ಚೌಕಟ್ಟಿನ ಗುಂಟ ಹರಿದು ಕೆಳಗೆ ನಿಲ್ಲುವುದರಿಂದ ಮೇಲ್ಭಾಗವನ್ನು ಹುಡುಕಬೇಕು. ಕ್ಯಾರವಾನಿನ ಪಕ್ಕಕ್ಕೆ ಟೆಂಟ್ ಸಿಕ್ಕಿಸುವ ಉದ್ದನೆಯ ಪಟ್ಟಿಯನ್ನು ಅನುಸರಿಸುತ್ತಾ ಹೋದಾಗ, ಅದರ ಸ್ಕ್ರೂಗಳ ಸುತ್ತ ತುಕ್ಕು ಹಿಡಿದು ಸೀಲಂಟ್ ಬಾಯಿಬಿಟ್ಟಿತ್ತು.

ನಾನು ಬೆಲೆ ಇಳಿಸಿ ಎಂದು ಕೇಳಲಿಲ್ಲ. ಬಿಚ್ಚಿ ನೋಡದೆ ಎಷ್ಟು ಮರ ಹೋಗಿದೆ ಎಂದು ಯಾರೂ ಹೇಳಲಾರದ ಸ್ಥಿತಿಯಲ್ಲಿ ರಿಯಾಯಿತಿಯ ಮೊತ್ತವೂ ಬರೀ ಊಹೆಯೇ ಆಗುತ್ತದೆ. ಪಟ್ಟಿ ಬಿಚ್ಚಿ, ಒಳಹಲಗೆ ತೆರೆದು, ಮೆತ್ತಗಾದ ಮರವನ್ನು ಬದಲಿಸಿ, ಹೊಸ ಸೀಲಂಟ್ ಹಾಕಿ, ಒಳಹಲಗೆ ಮುಚ್ಚುವ ಮೊದಲು ನನಗೆ ತೋರಿಸಬೇಕು; ಮಳೆಯ ನಂತರ ಅದೇ ಜಾಗಗಳಲ್ಲಿ ಮತ್ತೆ ಅಳೆದು ಎಲ್ಲವೂ 15ರೊಳಗೆ ಬಂದರಷ್ಟೇ ಉಳಿದ ಹಣ ಕೊಡುತ್ತೇನೆ ಎಂಬ ಷರತ್ತನ್ನು ಮುಂಗಡ ರಸೀದಿಯ ಮೇಲೆಯೇ ಬರೆಸಿಕೊಂಡು, ನಕ್ಷೆಯ ಒಂದು ಪ್ರತಿಯನ್ನು ಅದಕ್ಕೆ ಲಗತ್ತಿಸಿದೆ. ಡೀಲರ್ ಒಪ್ಪಿ ಸಹಿ ಮಾಡಿದರು.